ಪ್ಲೇಯರ್ ಕೊಳ್ಳುವ ಮುಂಚೆ ಕಂಪನಿಗೊಂದು ಮೇಲ್

ಹಾಡು ಕೇಳುವುದಕ್ಕೆಂದೇ ಒಂದು ಪ್ಲೇಯರ್ ಆರಿಸಬೇಕಾದಾಗ ನಾನು ಮೊದಲು ಮಾಡಿಕೊಳ್ಳುವುದು ಅದರಲ್ಲಿ ಏನೇನು ಕೆಡಬಹುದು ಎಂಬ ಪಟ್ಟಿ. ಪಟ್ಟಿ ಉದ್ದವೇನಿಲ್ಲ: ಬ್ಯಾಟರಿ, ಚಾರ್ಜಿಂಗ್ ಪೋರ್ಟ್, ಇಯರ್‌ಫೋನ್ ಜ್ಯಾಕ್, ಬಟನ್ನುಗಳು, ಕಾರ್ಡ್ ಸ್ಲಾಟ್, ಕೊನೆಗೆ ಸಾಫ್ಟ್‌ವೇರ್. ಒಂದೊಂದರ ಮುಂದೂ ಒಂದೇ ಪ್ರಶ್ನೆ: ಕೆಟ್ಟರೆ ಸರಿಮಾಡುವವರು ಯಾರು? ನಾನೇ ಮಾಡಿಕೊಳ್ಳಬಲ್ಲದ್ದು, ಕಂಪನಿಯೇ ಮಾಡಬೇಕಾದದ್ದು, ಯಾರಿಂದಲೂ ಆಗದ್ದು ಅಂತ ಮೂರು ಪಾಲಾಗುತ್ತದೆ. ಎರಡನೆಯ ಪಾಲು ಬೆಳೆದಷ್ಟೂ ಕಸ್ಟಮರ್ ಸಪೋರ್ಟಿಗೆ ಹೆಚ್ಚು ತೂಕ ಕೊಡುತ್ತೇನೆ. ಪರದೆಯೇ ಇಲ್ಲದ, ಷರ್ಟಿಗೆ ಸಿಕ್ಕಿಸಿಕೊಳ್ಳುವ ಅಗ್ಗದ ಪ್ಲೇಯರಿಗೆ ಇಷ್ಟೆಲ್ಲ ಲೆಕ್ಕಾಚಾರ ಬೇಡ. ಅದರ ರಿಪೇರಿ ಖರ್ಚು ಅದರ ಬೆಲೆಯನ್ನೇ ಮೀರುತ್ತದೆ. ತಕರಾರಿಲ್ಲದೆ ವಾಪಸ್ ತೆಗೆದುಕೊಳ್ಳುವ ಅಂಗಡಿಯಾದರೆ ಸಾಕು.

ಬ್ಯಾಟರಿಯಿಂದ ಶುರುಮಾಡೋಣ, ಏಕೆಂದರೆ ಇದೊಂದು ಕೆಟ್ಟೇ ಕೆಡುತ್ತದೆ. ಲಿಥಿಯಂ ಬ್ಯಾಟರಿ 300ರಿಂದ 500 ಪೂರ್ಣ ಚಾರ್ಜ್ ಸುತ್ತು ಮುಗಿಸುವಷ್ಟರಲ್ಲಿ ಮೂಲ ಸಾಮರ್ಥ್ಯದ ಸುಮಾರು 80 ಪ್ರತಿಶತಕ್ಕೆ ಇಳಿದಿರುತ್ತದೆ. ದಿನಕ್ಕೊಂದು ಸುತ್ತು ಎಂದು ಹಿಡಿದರೆ ಸುಮಾರು ಹತ್ತರಿಂದ ಹದಿನಾರು ತಿಂಗಳು. ವರ್ಷದ ವಾರಂಟಿ ಮುಗಿಯುವ ಹೊತ್ತಿಗೇ ಬ್ಯಾಟರಿ ಸೊರಗತೊಡಗುತ್ತದೆ, ಆದ್ದರಿಂದ ವಾರಂಟಿ ಎಷ್ಟು ವರ್ಷ ಎಂಬುದಕ್ಕಿಂತ ವಾರಂಟಿ ಮುಗಿದ ಮೇಲೆ ದುಡ್ಡು ಕೊಟ್ಟರೆ ಬ್ಯಾಟರಿ ಬದಲಿಸಿಕೊಡುತ್ತಾರೆಯೇ ಎಂಬುದೇ ನನಗೆ ಮುಖ್ಯ. ವಾರಂಟಿ ಪತ್ರದಲ್ಲಿ ಬ್ಯಾಟರಿಗೆ ಬೇರೆಯದೇ, ಚಿಕ್ಕ ಅವಧಿ ಬರೆದಿರುವುದುಂಟು. ಅದು ಸಣ್ಣ ಅಕ್ಷರದಲ್ಲೇ ಇರುತ್ತದೆ.

ಬ್ಯಾಟರಿ ಉಬ್ಬಿದೆಯೇ ಎಂದು ನೋಡಲು ಪ್ಲೇಯರನ್ನು ಗಾಜಿನ ಮೇಜಿನ ಮೇಲೆ ಬೆನ್ನಡಿಯಾಗಿ ಇಟ್ಟು ಒಂದೊಂದೇ ಮೂಲೆಯನ್ನು ಬೆರಳಿಂದ ಮೆಲ್ಲಗೆ ಒತ್ತುತ್ತೇನೆ. ತೊಟ್ಟಿಲಿನಂತೆ ಅಲುಗಿದರೆ, ಅಥವಾ ಪರದೆಯ ಒಂದು ಅಂಚು ಕೂದಲೆಳೆಯಷ್ಟು ಮೇಲೆದ್ದಿದ್ದರೆ, ಚಾರ್ಜಿಗೆ ಹಾಕುವುದನ್ನು ಅಲ್ಲಿಗೇ ನಿಲ್ಲಿಸಬೇಕು. ಒತ್ತಿ ಕೂರಿಸಲು, ಚುಚ್ಚಲು ಹೋಗಲೇಬಾರದು. ಇಲ್ಲಿ ಸಪೋರ್ಟ್ ಎಷ್ಟು ದೂರ ಬರುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಇದೆ. ಸೆಪ್ಟೆಂಬರ್ 2005ರಿಂದ ಡಿಸೆಂಬರ್ 2006ರವರೆಗೆ ಮಾರಿದ ಮೊದಲ ತಲೆಮಾರಿನ ಐಪಾಡ್ ನ್ಯಾನೋಗಳ ಬ್ಯಾಟರಿ ಅತಿಯಾಗಿ ಕಾಯಬಹುದು ಎಂದು ಆ್ಯಪಲ್ ನವೆಂಬರ್ 2011ರಲ್ಲಿ ಅವನ್ನು ವಾಪಸ್ ಕರೆಸಿ ಬದಲಿ ಕೊಟ್ಟಿತು. ವಾರಂಟಿ ಮುಗಿದು ವರ್ಷಗಳೇ ಆಗಿದ್ದವು. ತಮ್ಮ ಪ್ಲೇಯರ್ ಈ ಪೈಕಿ ಸೇರಿದೆಯೇ ಎಂದು ಜನ ಸೀರಿಯಲ್ ನಂಬರಿನಿಂದ ನೋಡಿಕೊಂಡರು. ಡಬ್ಬಿ ಎಸೆಯುವ ಮುಂಚೆ ಆ ನಂಬರಿನ ಫೋಟೋ ತೆಗೆದಿಡುವ ಅಭ್ಯಾಸ ಅದಕ್ಕೇ.

ಚಾರ್ಜಿಂಗ್ ಪೋರ್ಟಿನ ವಿಷಯದಲ್ಲಿ ಒಂದು ವಿಚಿತ್ರ ದೂರು ಮತ್ತೆ ಮತ್ತೆ ಬರುತ್ತದೆ: ಟೈಪ್-ಸಿ ಪೋರ್ಟ್ ಇದ್ದೂ ಹೊಸ ಪ್ಲೇಯರ್ ಚಾರ್ಜೇ ಆಗುವುದಿಲ್ಲ. ಎರಡೂ ತುದಿಯಲ್ಲಿ ಸಿ ಪಿನ್ ಇರುವ ಕೇಬಲ್ ಹಾಕಿದಾಗ, ಎದುರಿಗೆ ಒಂದು ಸಾಧನ ಇದೆ ಎಂದು ಚಾರ್ಜರಿಗೆ ತಿಳಿಯಬೇಕಾದರೆ ಪ್ಲೇಯರಿನೊಳಗೆ ಸಿಸಿ ಎಂಬ ಗುರುತು ಹಿಡಿಯುವ ಪಿನ್ನುಗಳಿಗೆ ತಲಾ 5.1 ಕಿಲೋ ಓಮಿನ ರೆಸಿಸ್ಟರ್ ಇರಬೇಕು. ಖರ್ಚು ಉಳಿಸಲು ಅದನ್ನು ಬಿಟ್ಟಿದ್ದರೆ ಚಾರ್ಜರ್ ವಿದ್ಯುತ್ತನ್ನೇ ಬಿಡುವುದಿಲ್ಲ. ಹಳೆಯ ಅಗಲ ಯುಎಸ್‌ಬಿ ಚಾರ್ಜರಿಗೆ ಎ-ಸಿ ಕೇಬಲ್ ಸಿಕ್ಕಿಸಿದರೆ ಅದೇ ಪ್ಲೇಯರ್ ಸಲೀಸಾಗಿ ಚಾರ್ಜ್ ಆಗುತ್ತದೆ. ಸಪೋರ್ಟಿನವರ ಹುರುಳು ತಿಳಿಯುವುದು ಇಲ್ಲಿಯೇ. ‘ಯಾವ ಕೇಬಲ್ ಹಾಕಿದ್ದೀರಿ?’ ಎಂದು ಮೊದಲ ಉತ್ತರದಲ್ಲೇ ಕೇಳುವವರು ತಮ್ಮ ಸರಕನ್ನು ಬಲ್ಲವರು. ‘ಫ್ಯಾಕ್ಟರಿ ರೀಸೆಟ್ ಮಾಡಿ’ ಎನ್ನುವವರು ಎದುರಿಗಿದ್ದ ಹಾಳೆಯನ್ನು ಓದುತ್ತಿದ್ದಾರೆ ಅಷ್ಟೆ.

ಜ್ಯಾಕ್‌ನಲ್ಲಿ ಒಂದೇ ಕಿವಿಗೆ ಹಾಡು ಬಂದರೆ ಮೊದಲು ಇನ್ನೊಂದು ಇಯರ್‌ಫೋನ್ ಹಾಕಿ ನೋಡುವುದು. ಹತ್ತರಲ್ಲಿ ಹೆಚ್ಚಿನ ಸಲ ತಪ್ಪು ಇಯರ್‌ಫೋನ್ ವೈರಿನದೇ. ಪಿನ್ನನ್ನು ತಿರುಗಿಸಿದಾಗ ಹಾಡು ಬಂದು ಹೋಗಿ ಮಾಡಿದರೆ ಒಳಗೆ ಜೇಬಿನ ನೂಲುದೂಳು ಕೂತಿರಬಹುದು: ಪ್ಲೇಯರ್ ಆಫ್ ಮಾಡಿ ಮರದ ಹಲ್ಲುಕಡ್ಡಿಯಿಂದ ತೆಗೆಯಿರಿ, ಸೂಜಿ ಬೇಡ. 2.5 ಅಥವಾ 4.4 ಮಿಲಿಮೀಟರಿನ ಬ್ಯಾಲೆನ್ಸ್ಡ್ ಜ್ಯಾಕ್ (ಎಡಕ್ಕೂ ಬಲಕ್ಕೂ ಬೇರೆಬೇರೆ ಋಣ ತಂತಿ ಇರುವಂಥದು) ಇರುವ ಪ್ಲೇಯರುಗಳಲ್ಲಿ ಇನ್ನೊಂದು ಎಚ್ಚರ ಬೇಕು. ಅದಕ್ಕೆ ಅಡಾಪ್ಟರ್ ಹಾಕಿ ಮಾಮೂಲಿ 3.5 ಮಿಲಿಮೀಟರ್ ಇಯರ್‌ಫೋನ್ ಸಿಕ್ಕಿಸಿದರೆ ಎಡಬಲದ ಋಣ ತಂತಿಗಳು ಒಂದಕ್ಕೊಂದು ಕೂಡಿ ಆಂಪ್ಲಿಫೈಯರ್ ಶಾರ್ಟ್ ಆಗಬಹುದು. ಬ್ಯಾಲೆನ್ಸ್ಡ್ ಇಯರ್‌ಫೋನನ್ನು ಮಾಮೂಲಿ ಜ್ಯಾಕ್‌ಗೆ ಹಾಕುವ ಅಡಾಪ್ಟರಿನಿಂದ ತೊಂದರೆಯಿಲ್ಲ, ಉಲ್ಟಾ ಮಾತ್ರ ಕೂಡದು. ಹೀಗೆ ಸುಟ್ಟದ್ದಕ್ಕೆ ವಾರಂಟಿ ಸಿಗುವ ಭರವಸೆ ಇಟ್ಟುಕೊಳ್ಳಬೇಡಿ.

ಇನ್ನು ಜಾಗದ ಲೆಕ್ಕ. ಸಿಡಿ ಗುಣಮಟ್ಟದ ಧ್ವನಿ ಎಂದರೆ ಸೆಕೆಂಡಿಗೆ 1411 ಕಿಲೋಬಿಟ್; ನಾಲ್ಕು ನಿಮಿಷದ ಹಾಡಿಗೆ ಸುಮಾರು 42 ಎಂಬಿ. ಗುಣ ಕೆಡದಂತೆ ಕುಗ್ಗಿಸುವ ಫ್ಲ್ಯಾಕ್ ಮಾಡಿದರೆ ಅದು 25ರ ಆಸುಪಾಸಿಗೆ ಇಳಿಯುತ್ತದೆ, 320 ಕಿಲೋಬಿಟ್ಟಿನ ಎಂಪಿ3 ಆದರೆ 9.6. ಅಂದರೆ 128 ಜಿಬಿ ಕಾರ್ಡಿನಲ್ಲಿ ಫ್ಲ್ಯಾಕ್ ಹಾಡು ಸುಮಾರು ಐದು ಸಾವಿರ, ಎಂಪಿ3 ಹದಿಮೂರು ಸಾವಿರ. ಕಾರ್ಡಿನಲ್ಲಿ ಹಿಡಿಸಿತೆಂದು ಪ್ಲೇಯರಿಗೂ ಹಿಡಿಸಬೇಕೆಂದಿಲ್ಲ. ಕೆಲವು ಪ್ಲೇಯರುಗಳ ಲೈಬ್ರರಿಗೆ ಇಂತಿಷ್ಟೇ ಹಾಡು ಎಂಬ ಮಿತಿ ಇರುತ್ತದೆ, ಮಿಕ್ಕವು ಪಟ್ಟಿಗೇ ಬರುವುದಿಲ್ಲ. ಫೋಲ್ಡರ್ ಪ್ರಕಾರ ತೆರೆಯುವ ಸೌಲಭ್ಯ ಇದ್ದರೆ ಈ ತಾಪತ್ರಯದಿಂದ ಪಾರಾಗಬಹುದು. ಅದಿಲ್ಲದ ಪ್ಲೇಯರನ್ನು ನಾನು ಪಟ್ಟಿಯಿಂದಲೇ ಹೊಡೆದುಹಾಕುತ್ತೇನೆ.

ಕಾರ್ಡಿನ ಬಗ್ಗೆ ಇನ್ನೊಂದು ಮಾತು. 4ರಿಂದ 32 ಜಿಬಿವರೆಗಿನ ಕಾರ್ಡುಗಳು ಫ್ಯಾಟ್32 ಎಂಬ ಫಾರ್ಮ್ಯಾಟಿನಲ್ಲಿ (ಕಾರ್ಡಿನಲ್ಲಿ ಫೈಲುಗಳನ್ನು ಜೋಡಿಸಿಡುವ ರೀತಿ) ಬರುತ್ತವೆ, 64ರಿಂದ ಮೇಲಿನವು ಎಕ್ಸ್‌ಫ್ಯಾಟ್‌ನಲ್ಲಿ. ‘32 ಜಿಬಿ ಗರಿಷ್ಠ’ ಎಂದು ಬರೆದ ಹಳೆಯ ಪ್ಲೇಯರಿಗೆ 64ರ ಕಾರ್ಡನ್ನು ಫ್ಯಾಟ್32ಕ್ಕೆ ಫಾರ್ಮ್ಯಾಟ್ ಮಾಡಿ ಕೊಟ್ಟರೆ ಎಷ್ಟೋ ಸಲ ಓದುತ್ತದೆ. ಆದರೆ ಅದರ ಮೇಲೆ ಸಪೋರ್ಟ್ ಕೇಳುವಂತಿಲ್ಲ. ಕಾರ್ಡ್ ಯಾವುದೇ ಇರಲಿ, ಹೊಸದನ್ನು ಬಳಸುವ ಮುಂಚೆ ವಿಂಡೋಸ್ ಆದರೆ ಎಚ್2ಟೆಸ್ಟ್‌ಡಬ್ಲ್ಯು, ಲಿನಕ್ಸ್ ಅಥವಾ ಮ್ಯಾಕ್ ಆದರೆ ಎಫ್3 ಎಂಬ ಪರೀಕ್ಷಾ ತಂತ್ರಾಂಶ ಹಾಕಿ ಪೂರ್ತಿ ಬರೆದು ಓದಿಸುತ್ತೇನೆ. ನಕಲಿ ಕಾರ್ಡ್ 128 ಎಂದು ತೋರಿಸಿ ಒಳಗೆ 16 ಮಾತ್ರ ಇಟ್ಟುಕೊಂಡಿರುತ್ತದೆ. ಮೊದಲ ಕೆಲವು ನೂರು ಹಾಡು ಚೆನ್ನಾಗಿ ಓಡಿ, ಆಮೇಲಿನವು ಗೊರಗೊರ ಅನ್ನುತ್ತವೆ ಅಥವಾ ಪ್ಲೇಯರ್ ನಿಂತೇ ಹೋಗುತ್ತದೆ. ಬೈಗುಳ ತಿನ್ನುವುದು ಮಾತ್ರ ಪ್ಲೇಯರ್ ಕಂಪನಿ.

ಕನ್ನಡ ಹೆಸರಿನ ಹಾಡುಗಳಿದ್ದರೆ ಇನ್ನೊಂದು ಪರೀಕ್ಷೆ ಬೇಕು. ಒಂದು ಎಂಪಿ3 ಫೈಲಿಗೆ ‘ಜ್ಯೋತ್ಸ್ನಾ’ ಎಂದು ಹೆಸರಿಟ್ಟು, ಟ್ಯಾಗಿನಲ್ಲೂ (ಫೈಲಿನೊಳಗೆ ಹಾಡಿನ, ಗಾಯಕರ ಹೆಸರು ಬರೆಯುವ ಜಾಗ) ಅದನ್ನೇ ಬರೆದು ಹಾಕಿ ನೋಡಿ. ಬರೀ ಚೌಕಗಳು ಕಂಡರೆ ಪ್ಲೇಯರಿನಲ್ಲಿ ಕನ್ನಡ ಫಾಂಟ್ ಇಲ್ಲ. ಅಕ್ಷರ ಬಂದು ಒತ್ತುಗಳು ಬಿಡಿಬಿಡಿಯಾಗಿ ಪಕ್ಕದಲ್ಲಿ ನಿಂತರೆ ಫಾಂಟ್ ಇದೆ, ಜೋಡಿಸುವ ತಂತ್ರಾಂಶ ಇಲ್ಲ. ಅರ್ಥವಿಲ್ಲದ ಲ್ಯಾಟಿನ್ ಚಿಹ್ನೆಗಳು ಬಂದರೆ ತಪ್ಪು ಟ್ಯಾಗಿನದು: ಐಡಿ3 ಟ್ಯಾಗನ್ನು (ಎಂಪಿ3 ಫೈಲಿನ ಟ್ಯಾಗಿನ ಹೆಸರೇ ಅದು) 2.3 ಆವೃತ್ತಿಯಲ್ಲಿ ಯುಟಿಎಫ್-16 ಎಂಬ ಅಕ್ಷರ ಸಂಕೇತದಲ್ಲಿ ಉಳಿಸಿ ಮತ್ತೆ ನೋಡಬೇಕು, ಏಕೆಂದರೆ ಕೆಲವು ಹಳೆಯ ಪ್ಲೇಯರುಗಳು 2.4ರ ಯುಟಿಎಫ್-8 ಅನ್ನು ಓದಲಾರವು. ಮೊದಲೆರಡು ದೋಷಕ್ಕೆ ಕಂಪನಿಯ ಫರ್ಮ್‌ವೇರ್ (ಪ್ಲೇಯರಿನೊಳಗಿನ ಮೂಲ ತಂತ್ರಾಂಶ) ಬಿಟ್ಟರೆ ಮದ್ದಿಲ್ಲ.

ಈಗ ಸಪೋರ್ಟನ್ನು ತೂಗುವ ಕೆಲಸ. ಕಂಪನಿಯ ಜಾಲತಾಣದಲ್ಲಿ ಫರ್ಮ್‌ವೇರ್ ಇಳಿಸಿಕೊಳ್ಳುವ ಪುಟವನ್ನು ಹುಡುಕುತ್ತೇನೆ. ಹೊಸ ಮಾದರಿಯ ಪುಟಕ್ಕಿಂತ ಎರಡು-ಮೂರು ವರ್ಷ ಹಳೆಯ ಮಾದರಿಯ ಪುಟ ಹೆಚ್ಚು ನಿಜ ಹೇಳುತ್ತದೆ. ಮಾರಾಟ ನಿಂತ ಮೇಲೂ ಅದಕ್ಕೆ ಆವೃತ್ತಿ ಬಂದಿದೆಯೇ? ಹಳೆಯ ಆವೃತ್ತಿಗಳೂ ಸಿಗುತ್ತವೆಯೇ, ಅಂದರೆ ಹೊಸದು ಕೈಕೊಟ್ಟರೆ ಹಿಂದಕ್ಕೆ ಹೋಗಬಹುದೇ? ‘ಎಕ್ಸ್‌ಫ್ಯಾಟ್ ಕಾರ್ಡಿನಲ್ಲಿ 255ನೇ ಫೋಲ್ಡರ್ ನಂತರ ನಿಲ್ಲುತ್ತಿದ್ದದ್ದು ಸರಿಹೋಗಿದೆ’ ಎಂಬ ತರಹದ ಟಿಪ್ಪಣಿ ಕಂಡರೆ ಅಲ್ಲಿ ದೂರು ಓದುವವರು ಇದ್ದಾರೆ. ಪ್ರತಿ ಸಲವೂ ‘ಸಣ್ಣಪುಟ್ಟ ಸುಧಾರಣೆಗಳು’ ಎಂದೇ ಇದ್ದರೆ ನನಗೆ ಅನುಮಾನ. ಬಳಕೆ ಕೈಪಿಡಿ ಕೊಳ್ಳುವ ಮುಂಚೆಯೇ ಓದಲು ಸಿಗಬೇಕು. ಅದನ್ನೂ ಬಚ್ಚಿಡುವ ಕಂಪನಿಯಿಂದ ಬೇರೇನು ನಿರೀಕ್ಷಿಸುವುದು?

ಆಮೇಲೆ ಒಂದು ಮೇಲ್. ನಾನು ಬರೆಯುವುದು ಹೆಚ್ಚುಕಡಿಮೆ ಹೀಗೆ: ‘ನಿಮ್ಮ ಇಂಥ ಮಾದರಿಯನ್ನು ಕೊಳ್ಳುವ ಯೋಚನೆಯಿದೆ. ಮೂರು ವಿಷಯ ತಿಳಿಯಬೇಕು. ಇಯರ್‌ಫೋನ್ ಜ್ಯಾಕ್‌ನ ಔಟ್‌ಪುಟ್ ಇಂಪೆಡೆನ್ಸ್ ಎಷ್ಟು ಓಮ್? ವಾರಂಟಿ ಮುಗಿದ ನಂತರ ಬ್ಯಾಟರಿ ಬದಲಿಸಿಕೊಡುತ್ತೀರಾ, ಎಲ್ಲಿ, ಎಷ್ಟು ದಿನ ಹಿಡಿಯುತ್ತದೆ? ವಾರಂಟಿಯಲ್ಲಿ ಕಳಿಸುವಾಗ ಹೋಗಿಬರುವ ಸಾಗಣೆ ಖರ್ಚು ಯಾರದು?’ ಇಂಪೆಡೆನ್ಸ್ ಎಂದರೆ ವಿದ್ಯುತ್ತಿಗೆ ಒಡ್ಡುವ ತಡೆ; ಆ ಪ್ರಶ್ನೆ ಬೇಕೆಂದೇ ಹಾಕಿದ್ದು. 16 ಓಮಿನ ಇಯರ್‌ಫೋನಿಗೆ ಪ್ಲೇಯರಿನದು 2 ಓಮಿಗಿಂತ ಹೆಚ್ಚಿರಬಾರದು, ಎಂಟನೇ ಒಂದು ಭಾಗ ಎಂಬುದು ರೂಢಿಯ ಲೆಕ್ಕ. ಮೀರಿದರೆ ಕೆಲವು ಇಯರ್‌ಫೋನುಗಳ ಸ್ವರವೇ ಬದಲಾಗುತ್ತದೆ. ಆ ಅಂಕಿ ಪೆಟ್ಟಿಗೆಯ ಮೇಲೆ ಅಚ್ಚಾಗಿರುವುದು ಅಪರೂಪ, ಹಾಗಾಗಿ ಸಪೋರ್ಟಿನವರು ಒಳಗೆ ಯಾರನ್ನಾದರೂ ಕೇಳಲೇಬೇಕು.

ವಾರದ ನಡುವೆ ಕಳಿಸಿ ಎರಡು ಕೆಲಸದ ದಿನ ಕಾಯುತ್ತೇನೆ. ತಾನಾಗಿ ಬರುವ ‘ನಿಮ್ಮ ಸಂದೇಶ ತಲುಪಿದೆ’ ಲೆಕ್ಕಕ್ಕಿಲ್ಲ. ಮೂರರಲ್ಲಿ ಒಂದಕ್ಕೆ ಮಾತ್ರ ಉತ್ತರಿಸಿ ಉಳಿದದ್ದನ್ನು ನುಂಗಿಕೊಂಡರೆ ಕೆಟ್ಟ ಲಕ್ಷಣ. ಕೆಟ್ಟ ಪ್ಲೇಯರಿನ ಬಗ್ಗೆ ಬರೆದಾಗಲೂ ಹೀಗೇ ಆಗುತ್ತದೆ. ‘ಈ ಅಂಕಿ ನನಗೆ ಗೊತ್ತಿಲ್ಲ, ಎಂಜಿನಿಯರನ್ನು ಕೇಳಿ ತಿಳಿಸುತ್ತೇನೆ’ ಎಂದು ಬರೆದು, ಹೇಳಿದಂತೆ ನಾಲ್ಕು ದಿನಕ್ಕೆ ತಿಳಿಸಿದವರಿಗೆ ನನ್ನ ಪೂರ್ತಿ ಅಂಕ. ಹತ್ತು ನಿಮಿಷದಲ್ಲಿ ಬರುವ ನಯವಾದ ಪೊಳ್ಳು ಉತ್ತರಕ್ಕಿಂತ ಅದು ಎಷ್ಟೋ ಮೇಲು.

ದೋಷ ಒಪ್ಪಿಕೊಳ್ಳುವ ಉತ್ತರ ಹೇಗಿರಬೇಕು ಎಂಬುದಕ್ಕೆ ಮೈಕ್ರೋಸಾಫ್ಟಿನ ಝೂನ್ ಪ್ಲೇಯರಿನ ಪ್ರಸಂಗ ಚೆನ್ನಾಗಿದೆ. 2008ರ ಡಿಸೆಂಬರ್ 31ರಂದು 30 ಜಿಬಿಯ ಝೂನ್ ಪ್ಲೇಯರುಗಳು ಒಮ್ಮೆಲೇ ಸ್ತಬ್ಧವಾದವು. ಅಧಿಕ ವರ್ಷದ 366ನೇ ದಿನವನ್ನು ಗಡಿಯಾರದ ತಂತ್ರಾಂಶ ನಿಭಾಯಿಸಲಿಲ್ಲ. ಬ್ಯಾಟರಿ ಪೂರ್ತಿ ಇಳಿಯಲಿ, ಜನವರಿ 1ರ ಗ್ರೀನ್‌ವಿಚ್ ಮಧ್ಯಾಹ್ನದ ನಂತರ ಚಾರ್ಜ್ ಮಾಡಿ ಆನ್ ಮಾಡಿ ಎಂದು ಮೈಕ್ರೋಸಾಫ್ಟ್ ತಿಳಿಸಿತು. ಕಾರಣ, ಉಪಾಯ, ಸಮಯ ಮೂರೂ ಅದರಲ್ಲಿವೆ.

ಆಂಡ್ರಾಯ್ಡ್ ಪ್ಲೇಯರುಗಳಲ್ಲಿ ಸಪೋರ್ಟಿನ ತೂಕ ಎಲ್ಲಕ್ಕಿಂತ ಹೆಚ್ಚು. ಸ್ಟ್ರೀಮಿಂಗ್ ಆ್ಯಪ್‌ಗಳು ಹಳೆಯ ಆವೃತ್ತಿಯ ಆಂಡ್ರಾಯ್ಡನ್ನು ಒಂದು ದಿನ ಕೈಬಿಡುತ್ತವೆ, ಆಗ ಯಂತ್ರ ಗಟ್ಟಿಯಾಗಿದ್ದರೂ ಅರ್ಧ ಕೆಲಸ ನಿಂತಂತೆ. ಸ್ಟ್ರೀಮಿಂಗ್ ಬೇಡದವರು ಆಂಡ್ರಾಯ್ಡ್ ಇಲ್ಲದ್ದನ್ನೇ ಕೊಳ್ಳಲಿ. ಬೇಗ ಆನ್ ಆಗುತ್ತದೆ, ಸುಮ್ಮನಿದ್ದಾಗ ಬ್ಯಾಟರಿ ತಿನ್ನುವುದಿಲ್ಲ. ಕಂಪ್ಯೂಟರಿಗೆ ಸಿಕ್ಕಿಸಿದಾಗ ಪೆನ್‌ಡ್ರೈವಿನಂತೆ ತೆರೆದುಕೊಳ್ಳುವ ಪ್ಲೇಯರ್ ಆದರೆ ಕಂಪನಿಯ ಯಾವ ಸಾಫ್ಟ್‌ವೇರಿನ ಹಂಗೂ ಇಲ್ಲ. ಕಂಪನಿ ಕೈಬಿಟ್ಟ ಹಳೆಯ ಮಾದರಿಗಳಿಗೆ ರಾಕ್‌ಬಾಕ್ಸ್ ಎಂಬ ಮುಕ್ತ ಫರ್ಮ್‌ವೇರ್ ಇದೆ. 2001ರಲ್ಲಿ ಆರ್ಕೋಸ್ ಪ್ಲೇಯರಿಗಾಗಿ ಶುರುವಾದದ್ದು. ಆ್ಯಪಲ್ 2022ರ ಮೇ ತಿಂಗಳಲ್ಲಿ ಐಪಾಡ್ ನಿಲ್ಲಿಸಿದ ಮೇಲೂ ಐಪಾಡ್ ಕ್ಲಾಸಿಕ್ ಇಟ್ಟುಕೊಂಡವರಿಗೆ ಅದು ಆಸರೆ. ವಾರಂಟಿ ಇರುವಾಗ ಮಾತ್ರ ಹಾಕಬೇಡಿ.

ಕೊಂಡ ಮೇಲೆ, ವಾಪಸಾತಿ ಅವಧಿ ಮುಗಿಯುವ ಮುಂಚೆ ಎಲ್ಲ ಪರೀಕ್ಷೆಯೂ ಮುಗಿಯಬೇಕು. ತೀರ ಕಡಿಮೆ ವಾಲ್ಯೂಮಿನಲ್ಲಿ ಎಡಬಲ ಸಮನಾಗಿದೆಯೇ, ಹಾಡು ನಿಲ್ಲಿಸಿದಾಗ ಸುಯ್ಯೆನ್ನುತ್ತದೆಯೇ, ಕಾರ್ಡ್ ಐದು ಸಲ ತೆಗೆದು ಹಾಕಿದರೂ ಗುರುತಿಸುತ್ತದೆಯೇ ನೋಡಿ. ಬ್ಯಾಟರಿಗೆ ಒಂದೇ ಆಲ್ಬಮ್ ಸುತ್ತಿ ಸುತ್ತಿ ಓಡಿಸಿ ಹೊತ್ತು ಬರೆದಿಡಿ. ಹೇಳಿದ ಗಂಟೆಗಳು ಸಾಮಾನ್ಯವಾಗಿ ಎಂಪಿ3, ಪರದೆ ಆಫ್, ವೈರ್ ಇಯರ್‌ಫೋನ್ ಲೆಕ್ಕದವು. ಫ್ಲ್ಯಾಕ್ ಹಾಕಿ ಬ್ಲೂಟೂತಿನಲ್ಲಿ ಕೇಳಿದರೆ ಕಡಿಮೆಯಾಗುವುದು ದೋಷವಲ್ಲ. ಲೈಬ್ರರಿ ಹುಡುಕುವಾಗ ಪ್ಲೇಯರ್ ನಿಂತುಹೋದರೆ ಅರ್ಧ ಫೋಲ್ಡರುಗಳನ್ನು ತೆಗೆದು ಮತ್ತೆ ಹುಡುಕಿಸಿ. ನಿಂತರೆ ತಪ್ಪು ಉಳಿದರ್ಧದಲ್ಲಿ, ಇಲ್ಲದಿದ್ದರೆ ತೆಗೆದದ್ದರಲ್ಲಿ. ಹೀಗೆ ಅರ್ಧ ಮಾಡುತ್ತ ಹೋದರೆ ಸಾವಿರ ಹಾಡಿನಲ್ಲಿ ಹತ್ತೇ ಸುತ್ತಿಗೆ ಹಾಳಾದ ಫೈಲ್ ಸಿಗುತ್ತದೆ.

ಆಗಲೂ ಬಗೆಹರಿಯದಿದ್ದರೆ ದೂರು ಬರೆಯುವುದು. ಮಾದರಿ, ಸೀರಿಯಲ್ ನಂಬರ್, ಫರ್ಮ್‌ವೇರ್ ಆವೃತ್ತಿ, ಕಾರ್ಡಿನ ಗಾತ್ರ ಮತ್ತು ಫಾರ್ಮ್ಯಾಟ್, ಏನು ಮಾಡಿದರೆ ಏನಾಗುತ್ತದೆ, ಈಗಾಗಲೇ ಏನೇನು ಮಾಡಿ ನೋಡಿದ್ದಾಗಿದೆ, ಜೊತೆಗೆ 20 ಸೆಕೆಂಡಿನ ವಿಡಿಯೋ. ಒಂದು ಮೇಲಿಗೆ ಒಂದೇ ದೂರು. ಫರ್ಮ್‌ವೇರ್ ಹಾಕಿ ನೋಡಿ ಎಂದರೆ ಬ್ಯಾಟರಿ ಅರ್ಧಕ್ಕಿಂತ ಹೆಚ್ಚಿರಲಿ, ಅದೇ ಪ್ರದೇಶದ ಮಾದರಿಯ ಫೈಲೇ ಆಗಿರಲಿ, ಮುಗಿಯುವವರೆಗೆ ಯಾವ ಬಟನ್ನನ್ನೂ ಮುಟ್ಟಬೇಡಿ. ಕಳಿಸಿಕೊಡಿ ಎಂದರೆ ಕಾರ್ಡ್ ತೆಗೆದಿಟ್ಟುಕೊಂಡು, ಖಾತೆಗಳಿಂದ ಲಾಗ್‌ಔಟ್ ಆಗಿ, ನಾಲ್ಕೂ ಬದಿಯ ಫೋಟೋ ತೆಗೆದು, ಅವರು ಕೊಟ್ಟ ದೂರಿನ ನಂಬರನ್ನು ಪಾರ್ಸೆಲ್ ಮೇಲೆ ಬರೆಯಿರಿ. ಒಳಗೆ ಲಿಥಿಯಂ ಬ್ಯಾಟರಿ ಇದೆ ಎಂದು ಕೊರಿಯರಿನವರಿಗೂ ಹೇಳಿ. ಉಬ್ಬಿದ ಬ್ಯಾಟರಿಯಾದರೆ ಕಂಪನಿಯನ್ನು ಕೇಳದೆ ಕಳಿಸಲೇಬೇಡಿ. ವಾಪಸ್ ಬಂದ ದಿನ ಬೆನ್ನ ಮೇಲಿನ ಸೀರಿಯಲ್ ನಂಬರನ್ನು ಹಳೆಯ ಫೋಟೋದೊಂದಿಗೆ ಹೋಲಿಸಿ. ಬೇರೆಯಿದ್ದರೆ ಅವರು ಕೊಟ್ಟದ್ದು ಬದಲಿ ಪ್ಲೇಯರ್. ಹೊಸ ನಂಬರಿಗೆ ಹಳೆಯ ಬಿಲ್ಲಿನ ವಾರಂಟಿ ಅನ್ವಯಿಸುತ್ತದೆ ಎಂದು ಅವತ್ತೇ ಮೇಲಿನಲ್ಲಿ ಬರೆಸಿಕೊಳ್ಳಿ.