ಬೇಲಿಯೇ ಎದ್ದು ಹೊಲ ಮೇಯ್ದಾಗ: ನನ್ನ ಗ್ರಾಫಿಟಿ ಗ್ಯಾಲರಿಯ ಅನುಭವ

ಗ್ಯಾಲರಿ ತೆರೆದ ಎರಡನೆಯ ವರ್ಷ. ಪ್ರದರ್ಶನದ ಉದ್ಘಾಟನೆ ಮುಗಿದು ಜನ ಚದುರಿದ ಮೇಲೆ ಕಲಾವಿದ ಒಂದು ಸುತ್ತು ಹಾಕಿ ಬಂದು ಕೇಳಿದ: "ನಾನು ಹನ್ನೆರಡು ಕ್ಯಾನ್ವಾಸ್ ಕೊಟ್ಟಿದ್ದೆ. ಇಲ್ಲಿ ಹತ್ತೇ ಇವೆಯಲ್ಲ?" ಉಳಿದೆರಡು ಹಿಂದಿನ ಕೋಣೆಯಲ್ಲಿದ್ದವು. ತುಂಬಾ ಹಿಡಿಸಿದ್ದರಿಂದ ನಾನೇ ಎತ್ತಿಟ್ಟುಕೊಂಡಿದ್ದೆ. ಅವುಗಳ ಬೆಲೆಯನ್ನೂ ನಾನೇ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದೆ, ಅದೂ ಸ್ವಲ್ಪ ಕಡಿಮೆಯೇ. "ಬೇಲಿಯೇ ಎದ್ದು ಹೊಲ ಮೇಯ್ದರೆ ಹೇಗೆ?" ಎಂದ. ನಗುತ್ತಲೇ ಹೇಳಿದ. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ನಾನು ಮೊದಲು ಸಂಗ್ರಾಹಕ, ಆಮೇಲೆ ವ್ಯಾಪಾರಿ. ರೈಲು ಹಳಿಯ ಪಕ್ಕದ ಗೋಡೆಗಳ ಫೋಟೊ ತೆಗೆಯುತ್ತಾ ಶುರುವಾದ ಹುಚ್ಚು, ಆ ಗೋಡೆಗಳ ಮೇಲೆ ಸ್ಪ್ರೇ ಬಣ್ಣದಲ್ಲಿ ಗ್ರಾಫಿಟಿ ಬರೆಯುವವರ ಸ್ಕೆಚ್ ಪುಸ್ತಕಗಳನ್ನು ಕೊಳ್ಳುವ ಮಟ್ಟಕ್ಕೆ ಬಂತು. ಕೈಯಲ್ಲಿದ್ದ ದುಡ್ಡು ಮುಗಿದಾಗ, ಮಾರುವುದನ್ನೂ ಕಲಿತರೆ ಕೊಳ್ಳುವುದನ್ನು ಮುಂದುವರಿಸಬಹುದು ಎಂಬ ಲೆಕ್ಕ ಹಾಕಿ ಗ್ಯಾಲರಿ ಮಾಡಿದೆ. ಒಳ್ಳೆಯ ಕೃತಿ ಬಾಗಿಲಿನೊಳಗೆ ಬಂದ ಕೂಡಲೇ ಸಂಗ್ರಾಹಕ ಅದನ್ನು ಅಪ್ಪಿಕೊಳ್ಳುತ್ತಾನೆ, ವ್ಯಾಪಾರಿ ಅದನ್ನು ಕಿಟಕಿಯ ಎದುರಿಗೆ ತೂಗುಹಾಕಬೇಕು ಎನ್ನುತ್ತಾನೆ. ಆ ಲೆಕ್ಕದಲ್ಲಿ ಈ ಜಗಳವನ್ನು ನಾನು ಸೇರಿಸಿರಲಿಲ್ಲ.

ಆ ಘಟನೆಯ ನಂತರ ಒಂದು ಕ್ರಮ ಮಾಡಿಕೊಂಡೆ. ನನಗೆ ಬೇಕಾದ ಕೃತಿಯೂ ಎಲ್ಲದರ ಜೊತೆಗೆ ಗೋಡೆಗೆ ಬರಬೇಕು, ಅದರ ಪಕ್ಕದಲ್ಲಿ ಬೆಲೆ ಇರಬೇಕು. ಮೊದಲ ಹತ್ತು ದಿನ ಅದು ಯಾರಿಗಾದರೂ ಹೋಗಬಹುದು. ಯಾರೂ ಕೊಳ್ಳದಿದ್ದರೆ ಮಾತ್ರ ನನ್ನದು, ಅದೂ ಪಟ್ಟಿಯ ಪೂರ್ತಿ ಬೆಲೆಗೆ. ನಮ್ಮಲ್ಲಿ ಮಾರಾಟದ ಹಣ ಕಲಾವಿದನಿಗೆ ಅರ್ಧ, ಗ್ಯಾಲರಿಗೆ ಅರ್ಧ. ನಾನು ಕೊಂಡರೂ ಅವನ ಅರ್ಧ ಮೂವತ್ತು ದಿನದೊಳಗೆ ಅವನ ಖಾತೆಗೆ ಹೋಗುತ್ತದೆ. ಹೀಗೆ ಮಾಡಿ ಕಳೆದುಕೊಂಡ ಕೃತಿಗಳ ನೆನಪು ಈಗಲೂ ಹೊಟ್ಟೆ ಉರಿಸುತ್ತದೆ. ಒಂದು ಬೆಳ್ಳಿ ಬಣ್ಣದ ದೊಡ್ಡ ಕ್ಯಾನ್ವಾಸ್ ಒಂಬತ್ತನೆಯ ದಿನ ಸಂಜೆ, ಗ್ಯಾಲರಿ ಮುಚ್ಚಲು ಹತ್ತು ನಿಮಿಷ ಇರುವಾಗ ಹೋಯಿತು. ಕೊಂಡವರಿಗೆ ಅದು ಸೋಫಾದ ಬಣ್ಣಕ್ಕೆ ಹೊಂದುತ್ತಿತ್ತಂತೆ.

ನನಗೆ ಅಸೂಯೆಯಾಗುವುದು ಮಾರ್ಟಿನ್ ವಾಂಗ್ ಅವರನ್ನು ನೆನೆದರೆ. ಅವರು ನ್ಯೂಯಾರ್ಕ್‌ನ ಚಿತ್ರಕಾರ. ಪರ್ಲ್ ಪೇಂಟ್ ಎಂಬ ಬಣ್ಣದ ಅಂಗಡಿಯಲ್ಲಿ ಕೆಲಸ ಮಾಡುತ್ತಾ, ಅಲ್ಲಿಗೆ ಬರುತ್ತಿದ್ದ ಗ್ರಾಫಿಟಿ ಹುಡುಗರ ಸ್ನೇಹ ಬೆಳೆಸಿ ಕ್ಯಾನ್ವಾಸ್‌ಗಳನ್ನೂ ಬ್ಲ್ಯಾಕ್ ಬುಕ್ ಎಂದು ಕರೆಯುವ ಅವರ ಸ್ಕೆಚ್ ಪುಸ್ತಕಗಳನ್ನೂ ಕೂಡಿಸಿದರು. 1994ರಲ್ಲಿ ಇಡೀ ಸಂಗ್ರಹವನ್ನು ಮ್ಯೂಸಿಯಂ ಆಫ್ ದ ಸಿಟಿ ಆಫ್ ನ್ಯೂಯಾರ್ಕ್‌ಗೆ ಕೊಟ್ಟುಬಿಟ್ಟರು. ಚಿತ್ರ ಬಿಡಿಸಿದ ಕೊನೆಯ ರೈಲನ್ನು ನ್ಯೂಯಾರ್ಕ್‌ನ ಸಾರಿಗೆ ಸಂಸ್ಥೆ 1989ರ ಮೇ ತಿಂಗಳಿನಲ್ಲೇ ಓಡಾಟದಿಂದ ತೆಗೆದಿತ್ತು. ರೈಲಿನ ಮೇಲಿನದ್ದೆಲ್ಲ ತೊಳೆದುಹೋದ ಮೇಲೆ ಉಳಿದದ್ದು ಫೋಟೊಗಳು ಮತ್ತು ಇಂಥ ಪುಸ್ತಕಗಳು. ಆದ್ದರಿಂದಲೇ ನನ್ನ ಸಂಗ್ರಹದಲ್ಲಿ ಕ್ಯಾನ್ವಾಸ್‌ಗಿಂತ ಬ್ಲ್ಯಾಕ್ ಬುಕ್‌ಗೆ ಹೆಚ್ಚು ಮರ್ಯಾದೆ. ಅಕ್ಷರವೊಂದು ಹೇಗೆ ಬಾಗಬೇಕು, ಬಾಣ ಎಲ್ಲಿಂದ ಹೊರಡಬೇಕು ಎಂದು ಹುಡುಗನೊಬ್ಬ ಇಪ್ಪತ್ತು ಸಲ ತಿದ್ದಿದ್ದು ಅಲ್ಲಿ ಕಾಣುತ್ತದೆ. ಈ ಕಲೆಯವರು ತಮ್ಮನ್ನು ಕರೆದುಕೊಳ್ಳುವುದು 'ರೈಟರ್' ಎಂದೇ. ಇಂಗ್ಲಿಷಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗುತ್ತದೆ. ಚಿತ್ರವನ್ನೂ 'ಬರೆಯುವ' ನಮಗೆ ಆ ತೊಂದರೆ ಇಲ್ಲ.

ಗ್ಯಾಲರಿಯೊಳಗೆ ಗ್ರಾಫಿಟಿ ಬಂದರೆ ಅದು ಗ್ರಾಫಿಟಿಯೇ ಅಲ್ಲ ಎನ್ನುವವರು ತಿಂಗಳಿಗೆ ಒಬ್ಬರಾದರೂ ಬರುತ್ತಾರೆ. ವಾದ ಹೊಸದೇನಲ್ಲ. ನ್ಯೂಯಾರ್ಕ್‌ನ ರೇಜರ್ ಗ್ಯಾಲರಿಯಲ್ಲಿ ಈ ಹುಡುಗರ ಕ್ಯಾನ್ವಾಸ್‌ಗಳು ತೂಗಾಡಿದ್ದು 1973ರಲ್ಲಿ. ಅಲ್ಲಿನ ಗ್ರಾಫಿಟಿ ಕಲಾವಿದರಾದ ಲೀ ಕಿನ್ಯೋನೆಸ್ ಮತ್ತು ಫ್ಯಾಬ್ ಫೈವ್ ಫ್ರೆಡ್ಡಿ 1979ರಲ್ಲಿ ರೋಮ್‌ನಲ್ಲಿ ಪ್ರದರ್ಶನ ಮಾಡಿದರು. 1981ರಲ್ಲಿ ಪ್ಯಾಟಿ ಆಸ್ಟರ್ ಮತ್ತು ಬಿಲ್ ಸ್ಟೆಲ್ಲಿಂಗ್ ನ್ಯೂಯಾರ್ಕ್‌ನಲ್ಲಿ ಶುರುಮಾಡಿ ಇಂಥವರಿಗೆ ಜಾಗ ಕೊಟ್ಟ ಫನ್ ಗ್ಯಾಲರಿ 1985ರಲ್ಲಿ ಬಾಗಿಲು ಹಾಕಿತು. ನಾನು ಗ್ಯಾಲರಿ ಮಾಡುವ ಮೊದಲು ಓದಿಕೊಂಡದ್ದರಲ್ಲಿ ಮನಸ್ಸಿಗೆ ನಾಟಿದ್ದು ಆ ನಾಲ್ಕು ವರ್ಷ. ಹೊಸಬರನ್ನು ಬೆಳಕಿಗೆ ತಂದಷ್ಟೂ ಅವರು ದೊಡ್ಡ ಗ್ಯಾಲರಿಗಳಿಗೆ ಹೋಗುತ್ತಾರೆ. ನನ್ನಲ್ಲಿಂದಲೂ ಮೂವರು ಹೋಗಿದ್ದಾರೆ. ಬೇಸರವಾದದ್ದು ನಿಜ. ಆದರೆ ಅವರ ಮೊದಲ ಕ್ಯಾನ್ವಾಸ್‌ಗಳು ನನ್ನ ಸಂಗ್ರಹದಲ್ಲಿವೆ, ವ್ಯಾಪಾರಿ ಸೋತಲ್ಲಿ ಸಂಗ್ರಾಹಕ ಅಷ್ಟರ ಮಟ್ಟಿಗೆ ಗೆದ್ದಿದ್ದಾನೆ.

ಸಂಗ್ರಾಹಕನ ಆಸೆಗೆ ಕಡಿವಾಣ ಹಾಕಲೇಬೇಕಾದ ಸಂದರ್ಭವೂ ಬಂತು. ಒಬ್ಬರು ಟೆಂಪೊದಲ್ಲಿ ಒಂದು ರೋಲಿಂಗ್ ಶಟರ್ ಹೇರಿಕೊಂಡು ಬಂದರು. ಮೇಲೆ ಪ್ರಸಿದ್ಧ ಕೈಯೊಂದರ ಕೆಲಸ. ನೋಡಿದ ತಕ್ಷಣ ಗುರುತು ಹಿಡಿದೆ. ಶಟರ್ ತಮ್ಮದೇ ಅಂಗಡಿಯದು, ಬಿಲ್ಲು ಇದೆ, ಹಾಗಾಗಿ ಮಾರುವ ಹಕ್ಕೂ ತಮ್ಮದೇ ಎಂದರು. ತಗಡು ಅವರದ್ದೇ ಇರಬಹುದು. ಅದರ ಮೇಲಿನದ್ದನ್ನು ಮಾರಾಟಕ್ಕೆಂದು ಯಾರೂ ಬರೆದಿರಲಿಲ್ಲ. ಲಂಡನ್ನಿನ ವುಡ್ ಗ್ರೀನ್‌ನಲ್ಲಿದ್ದ ಬೀದಿ ಕಲಾವಿದ ಬ್ಯಾಂಕ್ಸಿಯ ಚಿತ್ರವೊಂದನ್ನು 2013ರಲ್ಲಿ ಗೋಡೆಯ ಸಮೇತ ಕಿತ್ತು ಮಯಾಮಿಯ ಹರಾಜಿಗೆ ಒಯ್ದಾಗ, ಆ ಬಡಾವಣೆಯ ಜನ ಎದ್ದ ರೀತಿಗೆ ಹರಾಜಿನಿಂದ ಅದನ್ನು ಹಿಂದೆ ಪಡೆಯಬೇಕಾಯಿತು. ಕೆಲವೇ ತಿಂಗಳಲ್ಲಿ ಅದು ಲಂಡನ್ನಿನಲ್ಲೇ ಮಾರಾಟವಾಯಿತು ಎನ್ನುವುದು ಬೇರೆ ಮಾತು. ಬ್ಯಾಂಕ್ಸಿಯ ಪರವಾಗಿ ಕೃತಿಗಳಿಗೆ ಪ್ರಮಾಣಪತ್ರ ಕೊಡುವ ಪೆಸ್ಟ್ ಕಂಟ್ರೋಲ್ ಸಂಸ್ಥೆ ಬೀದಿಯಿಂದ ಕಿತ್ತು ತಂದದ್ದಕ್ಕೆ ಪತ್ರ ಕೊಡುವುದಿಲ್ಲ. ಇಟಲಿಯ ಬೀದಿ ಕಲಾವಿದ ಬ್ಲೂ ಇನ್ನೂ ಮುಂದೆ ಹೋದರು. ಗೋಡೆಯಿಂದ ಎತ್ತಿದ ಕೃತಿಗಳು ಪ್ರದರ್ಶನಕ್ಕೆ ಸಿದ್ಧವಾಗುತ್ತಿವೆ ಎಂದು ತಿಳಿದು 2016ರಲ್ಲಿ ಬೊಲೊನ್ಯಾದಲ್ಲಿದ್ದ ತಮ್ಮ ಚಿತ್ರಗಳಿಗೆ ತಾವೇ ಬೂದು ಬಣ್ಣ ಬಳಿಸಿದರು. ಇದನ್ನೆಲ್ಲ ತಿಳಿದೂ ಆ ಶಟರ್ ಅನ್ನು ಅರ್ಧ ಗಂಟೆ ನೋಡುತ್ತಾ ನಿಂತಿದ್ದೆ ಎಂದು ಒಪ್ಪಿಕೊಳ್ಳುತ್ತೇನೆ. ಕೊನೆಗೆ ಟೆಂಪೊ ವಾಪಸು ಕಳಿಸಿದೆ. ಆ ಕಲಾವಿದ ಮುಂದೆ ನನ್ನೊಡನೆ ಕೆಲಸ ಮಾಡಲು ಒಪ್ಪಿದ್ದಕ್ಕೆ ಈ ಸುದ್ದಿ ಅವನ ಕಿವಿಗೆ ಬಿದ್ದಿದ್ದೂ ಒಂದು ಕಾರಣ.

ಕೈ ಸುಟ್ಟುಕೊಂಡದ್ದು ಮಾತ್ರ ವ್ಯಾಪಾರಿಯ ಆತುರದಿಂದ. ಸ್ಪ್ರೇ ಪೇಂಟ್ ಮುಟ್ಟಿದರೆ ಗಂಟೆಯೊಳಗೆ ಒಣಗಿದಂತೆ ಕಾಣುತ್ತದೆ. ದಪ್ಪಗೆ ಹೊಡೆದ ಕಡೆ ಒಳಗಿನ ಪದರ ಪೂರ್ತಿ ಗಟ್ಟಿಯಾಗಲು ವಾರಗಳೇ ಬೇಕು. ಖರೀದಿದಾರರು ಅವಸರಪಡಿಸಿದರೆಂದು ಐದು ದಿನದ ಕ್ಯಾನ್ವಾಸ್ ಒಂದನ್ನು ಗುಳ್ಳೆ ಪ್ಲಾಸ್ಟಿಕ್‌ನಲ್ಲಿ ಸುತ್ತಿ ಕಳಿಸಿದೆ. ಅಲ್ಲಿ ಬಿಚ್ಚಿದಾಗ ಕಪ್ಪು ಹಿನ್ನೆಲೆಯ ತುಂಬಾ ಗುಳ್ಳೆಗಳ ಅಚ್ಚು, ಮಳೆ ಹನಿ ಬಿದ್ದ ಮಣ್ಣಿನ ಹಾಗೆ. ಹಣ ಹಿಂತಿರುಗಿಸಿದೆ, ಕಲಾವಿದನ ಪಾಲನ್ನು ನನ್ನ ಕೈಯಿಂದಲೇ ಕೊಟ್ಟೆ. ಈಗ ಆರು ವಾರ ಕಳೆಯದೆ ಯಾವುದೂ ಹೊರಗೆ ಹೋಗುವುದಿಲ್ಲ, ಮತ್ತು ಬಣ್ಣಕ್ಕೆ ತಾಗುವ ಮೊದಲ ಹೊದಿಕೆ ಸಿಲಿಕೋನ್ ಲೇಪದ ಕಾಗದ. ಪ್ಲಾಸ್ಟಿಕ್ ಅದರ ಮೇಲೆ.

ಹೊಳೆಯುವ ಫ್ಲೋರೊಸೆಂಟ್ ಬಣ್ಣಗಳ ಕಥೆ ಇನ್ನೂ ಕಷ್ಟ. ಬಿಸಿಲಿಗೆ ಅವು ಬಹಳ ಬೇಗ ಮಂಕಾಗುತ್ತವೆ. ಕಿಟಕಿಯ ಎದುರಿನ ಗೋಡೆಗೆ ಅವನ್ನು ಹಾಕುವುದಿಲ್ಲ, ಕೊಳ್ಳುವವರಿಗೂ ಬರೆದೇ ಕೊಡುತ್ತೇನೆ. ಮಾರ್ಕರ್‌ನಲ್ಲಿ ಬರೆದ ಕೃತಿಗೆ ವಾರ್ನಿಷ್ ಬಳಿಯುವ ಮುನ್ನ ಮೂಲೆಯಲ್ಲಿ ಒಂದು ಚುಕ್ಕಿ ಪರೀಕ್ಷಿಸಬೇಕು. ದ್ರಾವಕ ತಗುಲಿ ಶಾಯಿ ಹರಡಿದರೆ ಮತ್ತೆ ಹಿಂದಕ್ಕೆ ಬರುವುದಿಲ್ಲ.

ಕಾಗದಪತ್ರದ ವಿಷಯ ಬೇಗ ಮುಗಿಸುತ್ತೇನೆ, ಬರೆಯಲು ನೀರಸ. ಆದರೆ ದುಡ್ಡು ಉಳಿಸುವುದು ಅದೇ. ಗ್ರಾಫಿಟಿಯವರಲ್ಲಿ ಹಲವರಿಗೆ ನಿಜವಾದ ಹೆಸರು ಹೊರಗೆ ಬರುವುದು ಬೇಡ. ಪ್ರಮಾಣಪತ್ರದಲ್ಲಿ ಟ್ಯಾಗ್ ಹೆಸರು (ಗೋಡೆಯ ಮೇಲೆ ಸಹಿಯಂತೆ ಬರೆಯುವ ಅಡ್ಡಹೆಸರು), ಅಳತೆ, ಯಾವ ಬಣ್ಣ, ಹಿಂಭಾಗದ ಫೋಟೊ, ಸಾಧ್ಯವಾದರೆ ಬರೆಯುತ್ತಿರುವಾಗಿನ ಒಂದು ಫೋಟೊ ಇರುತ್ತದೆ. ತೆರಿಗೆ ಮತ್ತು ಬ್ಯಾಂಕಿನ ಹೆಸರು ಬೇರೆ ಕಡತದಲ್ಲಿ, ಬೀಗದ ಕಪಾಟಿನಲ್ಲಿ. ಎರಡು ಕಡತಗಳ ನಡುವಿನ ಕೊಂಡಿ ಒಂದು ಸಂಖ್ಯೆ ಮಾತ್ರ. ಕ್ಯಾನ್ವಾಸ್ ಕೊಂಡವರು ಅದರ ಚಿತ್ರವನ್ನು ಟಿ-ಶರ್ಟ್ ಮೇಲೆ ಅಚ್ಚು ಹಾಕುವ ಹಕ್ಕನ್ನು ಕೊಂಡಿಲ್ಲ ಎಂಬ ಸಾಲು ಬಿಲ್ಲಿನಲ್ಲೇ ಇದೆ. ಅದನ್ನು ಸೇರಿಸಿದ್ದು ಒಬ್ಬರು ಹಾಗೆ ಅಚ್ಚು ಹಾಕಿಸಿದ ಮೇಲೆ.

ಮೊದಲು ಹೇಳಿದ ಆ ಎರಡು ಕ್ಯಾನ್ವಾಸ್‌ಗಳನ್ನು ಮರುದಿನವೇ ಗೋಡೆಗೆ ತಂದೆ. ಒಂದು ಮಾರಾಟವಾಯಿತು. ಇನ್ನೊಂದು ಉಳಿಯಿತು, ಪೂರ್ತಿ ಬೆಲೆ ಕೊಟ್ಟು ನಾನೇ ಕೊಂಡೆ. ಈಗ ನನ್ನ ಕಚೇರಿಯ ಮೇಜಿನ ಹಿಂದೆ ಇದೆ. ಕಳೆದ ತಿಂಗಳು ಅದನ್ನು ಬರೆದ ಕಲಾವಿದ ಬಂದವನೇ ಅದರ ಮುಂದೆ ಬಹಳ ಹೊತ್ತು ನಿಂತ. ಎಡಗಡೆಯ ಅಕ್ಷರದ ಅಂಚು ದಪ್ಪವಾಗಿದೆ, ಆಗ ತನಗೆ ಕೈ ಹಿಡಿತ ಇರಲಿಲ್ಲ, ಐದು ನಿಮಿಷ ಕೊಟ್ಟರೆ ಸರಿಮಾಡುತ್ತೇನೆ ಎಂದ. ಚೀಲದಿಂದ ಕ್ಯಾನ್ ತೆಗೆದು ಅಲ್ಲಾಡಿಸಲೂ ಶುರುಮಾಡಿದ, ಒಳಗಿನ ಗುಂಡು ಟಕಟಕ ಸದ್ದು ಮಾಡಿತು. ನಾನು ಎದ್ದು ಹೋಗಿ ಕ್ಯಾನ್ವಾಸಿಗೆ ಬೆನ್ನು ಕೊಟ್ಟು ನಿಂತೆ.