ಸೊಂಟಕ್ಕೆ ನೋವಾಗದಂತೆ ಹೊಟ್ಟೆ ಗಟ್ಟಿ ಮಾಡಿಕೊಳ್ಳುವುದು ಹೇಗೆ?

ಚಿಕ್ಕಮಗಳೂರಿನ ತೋಟಗಳಲ್ಲಿ ನವೆಂಬರ್ ಹೊತ್ತಿಗೆ ಅರೇಬಿಕಾ ಕುಯ್ಲು ಶುರುವಾದರೆ ರೊಬಸ್ಟಾ ಮುಗಿಯುವವರೆಗೂ ಸೊಂಟಕ್ಕೆ ಬಿಡುವಿಲ್ಲ. ಉದುರಿದ ಹಣ್ಣು ಹೆಕ್ಕಲು ಬಗ್ಗಬೇಕು, ಕಣದಲ್ಲಿ ಕಾಫಿ ಕೆದರಬೇಕು, 50 ಕೆ.ಜಿ. ಚೀಲವನ್ನು ಜೀಪಿಗೆ ಏರಿಸಬೇಕು. ಪೇಟೆಯಲ್ಲಿ ಇಡೀ ದಿನ ಕುರ್ಚಿಯಲ್ಲೇ ಕೂರುವವರ ಸೊಂಟವೂ ಸುಖವಾಗಿಲ್ಲ. ಹೊಟ್ಟೆಯ ಸ್ನಾಯು ಗಟ್ಟಿಯಿದ್ದರೆ ಸೊಂಟಕ್ಕೆ ಆಸರೆ ಎಂಬ ಮಾತು ನಿಜ. ಆದರೆ ಅದಕ್ಕೆಂದು ಹೆಚ್ಚಿನವರು ಮಾಡುವುದೇನು? ಬೆಳಗ್ಗೆ ಎದ್ದ ಕೂಡಲೇ ಪಾದವನ್ನು ಮಂಚದ ಅಡಿಗೆ ಸಿಕ್ಕಿಸಿ, ಕೈಗಳನ್ನು ತಲೆಯ ಹಿಂದೆ ಕಟ್ಟಿ, ಒಂದೇ ಉಸಿರಿಗೆ 50 ಸಿಟ್‌ಅಪ್. ಇದರಲ್ಲಿ ಒಂದಲ್ಲ, ಮೂರು ತಪ್ಪುಗಳಿವೆ.

ಪಾದ ಸಿಕ್ಕಿಸಿ ಏಳುವಾಗ ಹೊಟ್ಟೆಗಿಂತ ಹೆಚ್ಚಾಗಿ ದುಡಿಯುವುದು ಸೋವಾಸ್ ಎಂಬ ಸ್ನಾಯು. ಅದು ಸೊಂಟದ ಭಾಗದ ಬೆನ್ನುಮೂಳೆಗಳಿಂದ ಹೊರಟು ತೊಡೆಮೂಳೆಗೆ ಅಂಟಿಕೊಂಡಿದೆ. ಅದು ಬಿಗಿದಾಗಲೆಲ್ಲ ಬೆನ್ನುಮೂಳೆಗಳು ಒಂದರ ಮೇಲೊಂದು ಒತ್ತಿಕೊಳ್ಳುತ್ತವೆ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ಬೆನ್ನುಮೂಳೆಯ ಮೇಲಿನ ಭಾರವನ್ನು ಅಳೆದ ಸ್ಟುವರ್ಟ್ ಮೆಕ್‌ಗಿಲ್ ಅವರ ಲೆಕ್ಕದಂತೆ ಒಂದೊಂದು ಸಿಟ್‌ಅಪ್‌ಗೂ ಕೆಳಬೆನ್ನಿನ ಮೇಲೆ ಬೀಳುವ ಒತ್ತಡ ಸುಮಾರು 3,300 ನ್ಯೂಟನ್. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಆರು ಚೀಲ ಕಾಫಿಗಿಂತ ಹೆಚ್ಚು. ಅದೂ ಬೆನ್ನು ಬಾಗಿರುವಾಗ. ಬಾಗಿದ ಬೆನ್ನಿನಲ್ಲಿ ಮೂಳೆಗಳ ನಡುವಿನ ಡಿಸ್ಕ್‌ನ ಮೆದು ತಿರುಳು ಹಿಂದಕ್ಕೆ ಒತ್ತರಿಸುತ್ತದೆ. ನರಗಳು ಇರುವುದೂ ಆ ಕಡೆಗೇ.

ಎರಡನೆಯದು ಹೊತ್ತು. ರಾತ್ರಿ ಮಲಗಿದಾಗ ಡಿಸ್ಕ್‌ಗಳು ನೀರು ಹೀರಿ ಉಬ್ಬುತ್ತವೆ. ಹಾಗಾಗಿ ಬೆಳಗ್ಗೆ ನಾವು ಒಂದೆರಡು ಸೆಂಟಿಮೀಟರ್ ಉದ್ದವಿರುತ್ತೇವೆ. ಉಬ್ಬಿದ ಡಿಸ್ಕ್ ಬಗ್ಗಿದಾಗ ಬೇಗ ಪೆಟ್ಟು ತಿನ್ನುತ್ತದೆ. ಎದ್ದ ಮೇಲಿನ ಮೊದಲ ಒಂದು ಗಂಟೆಯೊಳಗೆ ಈ ಉಬ್ಬು ಅರ್ಧಕ್ಕೂ ಹೆಚ್ಚು ಇಳಿಯುತ್ತದೆ. ಆದ್ದರಿಂದ ಎದ್ದು, ಕಾಫಿ ಕುಡಿದು, ಅಂಗಳದಲ್ಲಿ ನಾಲ್ಕು ಸುತ್ತು ಓಡಾಡಿ, ಒಂದು ಗಂಟೆ ಕಳೆದ ಮೇಲೆ ವ್ಯಾಯಾಮಕ್ಕೆ ಇಳಿಯಿರಿ. ಸಂಜೆ ಮಾಡಿದರೂ ಆಗುತ್ತದೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ: ಹೊಟ್ಟೆಗೆ ಕೊಡುವ ಕೆಲಸವೇ ತಪ್ಪು. ಚೀಲ ಎತ್ತುವಾಗ, ಜಾರುವ ಕೆಸರಿನಲ್ಲಿ ಕಾಲಿಡುವಾಗ, ಏಣಿಯ ಮೇಲೆ ನಿಂತು ಮೆಣಸು ಕುಯ್ಯುವಾಗ ಸೊಂಟ ಅಲುಗದಂತೆ ಹಿಡಿದಿಡುವುದು ಹೊಟ್ಟೆಯ ಸ್ನಾಯುಗಳ ದೊಡ್ಡ ಕೆಲಸ. ವ್ಯಾಯಾಮದಲ್ಲೂ ಅವಕ್ಕೆ ಅದೇ ಕೆಲಸ ಕೊಡಬೇಕು. ಕೆಳಗಿನ ಮೂರು ವ್ಯಾಯಾಮಗಳನ್ನು ಮೆಕ್‌ಗಿಲ್ ಒಟ್ಟುಗೂಡಿಸಿದ್ದು ಅದಕ್ಕಾಗಿಯೇ.

ಮೊದಲು ಬಿಗಿ ಹಿಡಿಯುವುದನ್ನು ಕಲಿಯಿರಿ

ಇದು ಬಾರದೆ ಮುಂದಿನ ಯಾವುದೂ ಫಲ ಕೊಡುವುದಿಲ್ಲ. ನೆಟ್ಟಗೆ ನಿಂತು, ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವಿನ ಮೆತ್ತನೆಯ ಜಾಗಕ್ಕೆ ಎರಡೂ ಕಡೆ ಬೆರಳು ಒತ್ತಿ. ಮೆಲ್ಲಗೆ ಒಮ್ಮೆ ಕೆಮ್ಮಿ. ಬೆರಳನ್ನು ಹೊರಕ್ಕೆ ತಳ್ಳುವ ಸ್ನಾಯು ಕೈಗೆ ಸಿಗುತ್ತದೆ. ಈಗ ಕೆಮ್ಮದೆ ಅದೇ ಬಿಗಿಯನ್ನು ತನ್ನಿ. ಹೊಟ್ಟೆಯನ್ನು ಒಳಗೆ ಎಳೆದುಕೊಂಡರೆ ಈ ಬಿಗಿ ಬರುವುದಿಲ್ಲ. ಫೋಟೊ ತೆಗೆಸಿಕೊಳ್ಳುವಾಗ ಮಾಡುವ ಆ ಕೆಲಸವನ್ನು ಇಲ್ಲಿ ಮರೆಯಿರಿ. ಪೂರಾ ಬಲ ಹಾಕುವುದೂ ಬೇಡ, ಕಾಲುಭಾಗ ಸಾಕು. ಬಿಗಿ ಬಿಡದೆ ಪಕ್ಕದವರ ಜೊತೆ ಮಾತಾಡಲು ಬಂದರೆ ಸರಿಯಾಗಿದೆ ಎಂದರ್ಥ. ಉಸಿರು ಕಟ್ಟಿದರೆ ಮತ್ತೆ ಮೊದಲಿನಿಂದ ಮಾಡಿ.

ತಲೆ-ಭುಜ ಎತ್ತುವುದು

ಮಲೆನಾಡಿನ ಮಳೆಗಾಲ, ಚಳಿಗಾಲದಲ್ಲಿ ನೆಲ ತಣ್ಣಗಿರುತ್ತದೆ. ಚಾಪೆಯ ಮೇಲೆ ಜಮಖಾನ ಹಾಸಿಕೊಳ್ಳಿ. ಹಾಸಿಗೆಯ ಮೇಲೆ ಬೇಡ, ಸೊಂಟ ಕುಸಿಯುತ್ತದೆ. ಅಂಗಾತ ಮಲಗಿ ಒಂದು ಮಂಡಿ ಮಡಚಿ, ಇನ್ನೊಂದು ಕಾಲನ್ನು ಚಾಚಿಡಿ. ಸೊಂಟದ ಕೆಳಗೆ ನೆಲಕ್ಕೆ ತಾಗದೆ ಉಳಿಯುವ ಡೊಂಕಿಗೆ ಎರಡೂ ಅಂಗೈಗಳನ್ನು ಕವುಚಿ ತೂರಿಸಿ. ಆ ಡೊಂಕು ಬೆನ್ನಿನ ಸಹಜ ಆಕಾರ, ಅದನ್ನು ನೆಲಕ್ಕೆ ಅದುಮಿ ಚಪ್ಪಟೆ ಮಾಡಬಾರದು.

ತಲೆಯ ಅಡಿಗೆ ಮಡಚಿದ ದಿನಪತ್ರಿಕೆ ಇಟ್ಟುಕೊಳ್ಳಿ. ಹೊಟ್ಟೆ ಬಿಗಿ ಹಿಡಿದು, ತಲೆ, ಕುತ್ತಿಗೆ, ಭುಜವನ್ನು ಒಂದೇ ಹಲಗೆಯಂತೆ ಸ್ವಲ್ಪವೇ ಎತ್ತಿ. ಯಾರಾದರೂ ಪತ್ರಿಕೆಯನ್ನು ಹರಿಯದಂತೆ ಎಳೆದುಕೊಳ್ಳುವಷ್ಟು ಎತ್ತರ ಸಾಕು. ಅದಕ್ಕಿಂತ ಮೇಲೆ ಎದ್ದರೆ ಬೆನ್ನು ಬಾಗಿತು. ಹತ್ತು ಸೆಕೆಂಡ್ ಹಿಡಿದು, ಉಸಿರಾಡುತ್ತಾ, ಇಳಿಸಿ. ಸೊಂಟದ ಕೆಳಗಿನ ಅಂಗೈಗಳೇ ನಿಮ್ಮ ಕಾವಲು: ಎತ್ತುವಾಗ ಅವುಗಳ ಮೇಲಿನ ಭಾರ ಹೆಚ್ಚಬಾರದು, ಕಡಿಮೆಯಾಗಲೂಬಾರದು. ಗದ್ದವನ್ನು ಎದೆಗೆ ಚುಚ್ಚಿದರೆ ಕುತ್ತಿಗೆ ನೋಯುತ್ತದೆ. ನೋಟ ಸೂರಿನ ಮೇಲಿರಲಿ, ನಾಲಿಗೆಯನ್ನು ಬಾಯಿಯ ಅಂಗುಳಕ್ಕೆ ಒತ್ತಿ ಹಿಡಿದರೆ ಕುತ್ತಿಗೆಯ ಸೆಳೆತ ಕಡಿಮೆಯಾಗುತ್ತದೆ. ಅರ್ಧ ಮುಗಿದ ಮೇಲೆ ಕಾಲು ಬದಲಿಸಿ. ಇದು ಸಲೀಸಾದ ದಿನ ಮೊಣಕೈಗಳನ್ನು ನೆಲದಿಂದ ಒಂದಿಂಚು ಮೇಲೆತ್ತಿ ಮಾಡಿ.

ಪಕ್ಕಕ್ಕೆ ಮಲಗಿ ಸೊಂಟ ಎತ್ತುವುದು

ಬಲ ಮಗ್ಗುಲಿಗೆ ಮಲಗಿ, ಬಲ ಮೊಣಕೈಯನ್ನು ಭುಜದ ನೇರ ಕೆಳಗೆ ಊರಿ. ಎರಡೂ ಮಂಡಿ ಮಡಚಿರಲಿ. ಮಂಡಿಯ ಮೇಲೆ ಭಾರ ಬಿಟ್ಟು, ಭುಜದಿಂದ ಮಂಡಿಯವರೆಗೆ ಒಂದೇ ಗೆರೆ ಬರುವಂತೆ ಸೊಂಟ ಎತ್ತಿ, ಹತ್ತು ಸೆಕೆಂಡ್ ಹಿಡಿಯಿರಿ. ಪೃಷ್ಠ ಹಿಂದಕ್ಕೆ ಜಾರುವುದೇ ಇಲ್ಲಿ ಎಲ್ಲರೂ ಮಾಡುವ ತಪ್ಪು. ಭುಜ ನೋಯುತ್ತಿದ್ದರೆ ಮೊಣಕೈ ಮುಂದೆ ಹೋಗಿದೆಯೇ ನೋಡಿ. ನೆಲದ ಮೇಲೆ ಆಗದವರು ಗೋಡೆಗೆ ಮೊಣಕೈ ಊರಿ, ನಿಂತೇ ಮಾಡಬಹುದು. ವಯಸ್ಸಾದವರಿಗೆ ಅದೇ ಒಳ್ಳೆಯದು.

ಅಂಬೆಗಾಲಿನಲ್ಲಿ ಕೈ-ಕಾಲು ಚಾಚುವುದು

ಅಂಗೈ ಭುಜದ ಕೆಳಗೆ, ಮಂಡಿ ಸೊಂಟದ ಕೆಳಗೆ. ಬಲಗೈಯನ್ನು ಮುಂದಕ್ಕೂ ಎಡಗಾಲನ್ನು ಹಿಂದಕ್ಕೂ ಚಾಚಿ, ಎಂಟರಿಂದ ಹತ್ತು ಸೆಕೆಂಡ್ ಹಿಡಿಯಿರಿ. ಕಾಲನ್ನು ಎತ್ತರಕ್ಕೆ ಎಸೆಯಬೇಡಿ, ಹಿಮ್ಮಡಿಯಿಂದ ಹಿಂದಿನ ಗೋಡೆ ತಳ್ಳುವಂತೆ ಚಾಚಿ. ಕಾಲು ಸೊಂಟದ ಮಟ್ಟ ದಾಟಿದರೆ ಕೆಳಬೆನ್ನು ಹಳ್ಳವಾಗಿ ಹಿಂಬದಿಯ ಕೀಲುಗಳು ಒತ್ತಿಕೊಳ್ಳುತ್ತವೆ. ಸರಿಯಾಗಿದೆಯೇ ಎಂದು ತಿಳಿಯಲು ಸೊಂಟದ ಮೇಲೆ ಅರ್ಧ ನೀರು ತುಂಬಿದ ಅಗಲ ತಳದ ಸ್ಟೀಲ್ ಡಬ್ಬಿ ಇಡಿಸಿಕೊಳ್ಳಿ. ನೀರು ತುಳುಕಿದರೆ ಸೊಂಟ ಹೊರಳಿದೆ. ಆಗ ಕೈ ಎತ್ತದೆ ಕಾಲೊಂದನ್ನೇ ಚಾಚುವುದರಿಂದ ಶುರು ಮಾಡಿ.

ಎಷ್ಟು ಸಲ, ಎಷ್ಟು ಹೊತ್ತು

ಮೂರನ್ನೂ ಒಂದೇ ಲೆಕ್ಕದಲ್ಲಿ ಮಾಡಿ: ಮೊದಲ ಸುತ್ತಿಗೆ 6 ಸಲ, ಅರ್ಧ ನಿಮಿಷ ಬಿಡುವು, ಆಮೇಲೆ 4, ಕೊನೆಗೆ 2. ಪಕ್ಕದ ವ್ಯಾಯಾಮ ಮತ್ತು ಅಂಬೆಗಾಲಿನ ವ್ಯಾಯಾಮಕ್ಕೆ ಈ ಲೆಕ್ಕ ಒಂದೊಂದು ಕಡೆಗೆ. ಸಂಖ್ಯೆ ಇಳಿಯುತ್ತಾ ಹೋಗುವುದರಿಂದ ದಣಿದ ಹೊತ್ತಿನಲ್ಲಿ ಭಂಗಿ ಕೆಡುವುದಿಲ್ಲ. ಬಲ ಬಂದಂತೆ ವಾರಕ್ಕೊಮ್ಮೆ ಪ್ರತಿ ಸುತ್ತಿಗೂ ಒಂದೊಂದು ಸೇರಿಸಿ, ಆದರೆ ಹತ್ತು ಸೆಕೆಂಡನ್ನು ಅರ್ಧ ನಿಮಿಷಕ್ಕೆ ಎಳೆಯಬೇಡಿ. ಬಿಗಿದ ಸ್ನಾಯುವಿಗೆ ರಕ್ತ ಸರಿಯಾಗಿ ಹರಿಯದು, ನಡುವೆ ಬಿಡುವು ಸಿಕ್ಕರೆ ಅದು ಇನ್ನಷ್ಟು ಸಲ ದುಡಿಯುತ್ತದೆ. ಎಲ್ಲಕ್ಕೂ ಸೇರಿ ಕಾಲು ಗಂಟೆ, ಹೆಚ್ಚೆಂದರೆ ಇಪ್ಪತ್ತು ನಿಮಿಷ. ಕುಯ್ಲಿಗೆ ಸೊಂಟ ಸಿದ್ಧವಿರಬೇಕಾದರೆ ಸೆಪ್ಟೆಂಬರ್‌ನಲ್ಲೇ ಶುರು ಮಾಡುವುದು ಒಳ್ಳೆಯದು.

ಇಷ್ಟರಿಂದ ಹೊಟ್ಟೆಯ ಬೊಜ್ಜು ಕರಗುವುದೇ? ಇಲ್ಲ. ಸ್ನಾಯುವಿಗೆ ಕೆಲಸ ಕೊಟ್ಟ ಮಾತ್ರಕ್ಕೆ ಆ ಜಾಗದ ಕೊಬ್ಬು ಕರಗುವುದಿಲ್ಲ. ಅದಕ್ಕೆ ಊಟ ಹಿಡಿತದಲ್ಲಿರಬೇಕು, ನಡಿಗೆ ಬೇಕು. ಚಿಕ್ಕಮಗಳೂರಿನ ರತ್ನಗಿರಿ ಬೋರೆಯ ಏರಿನಲ್ಲಿ ಕೈ ಬೀಸಿ ಚುರುಕಾಗಿ ನಡೆದರೆ ಸೊಂಟಕ್ಕೂ ಹಿತ. ಕೈಯಲ್ಲಿ ಫೋನ್ ಹಿಡಿದು ತಲೆ ತಗ್ಗಿಸಿ ನಡೆದರೆ ಆ ಲಾಭ ಅರ್ಧ ಹೋಯಿತು.

ಯಾರು ಮಾಡಬಾರದು

ಗರ್ಭಿಣಿಯರು, ಸಿಸೇರಿಯನ್ ಆದವರು, ಹರ್ನಿಯಾ ಇರುವವರು, ಮೂಳೆ ಸವೆದವರು ವೈದ್ಯರನ್ನೋ ಫಿಸಿಯೊಥೆರಪಿಸ್ಟರನ್ನೋ ಕೇಳದೆ ಶುರು ಮಾಡಬೇಡಿ. ಮಾಡುವಾಗ ಹೊಟ್ಟೆಯಲ್ಲಿ ದಣಿವಿನ ಉರಿ ಬಂದರೆ ಸಹಜ. ಸೊಂಟದಲ್ಲಿ ಚುಚ್ಚಿದರೆ, ನೋವು ಮಂಡಿ ದಾಟಿ ಕೆಳಗಿಳಿದರೆ, ಪಾದ ಜೋಮು ಹಿಡಿದರೆ ಅಲ್ಲಿಗೇ ನಿಲ್ಲಿಸಿ ತೋರಿಸಿಕೊಳ್ಳಿ. ತೊಡೆಸಂದಿನ ಸುತ್ತ ಸ್ಪರ್ಶ ತಿಳಿಯದಿದ್ದರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ ನಾಳೆಗೆ ಕಾಯಬಾರದು, ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಕಲಿತ ಬಿಗಿಯನ್ನು ಚಾಪೆಯ ಮೇಲೆಯೇ ಬಿಟ್ಟು ಬರಬೇಡಿ. ಕಣದಲ್ಲಿ ಚೀಲ ಎತ್ತುವಾಗ ಅದನ್ನು ಕಾಲಿನ ಹತ್ತಿರಕ್ಕೆ ಎಳೆದುಕೊಳ್ಳಿ, ಪೃಷ್ಠ ಹಿಂದಕ್ಕೆ ತಳ್ಳಿ ತೊಡೆಸಂದಿನಲ್ಲಿ ಬಗ್ಗಿ, ಹೊಟ್ಟೆ ಬಿಗಿ ಹಿಡಿದು ಆಮೇಲೆ ಎತ್ತಿ. ತಿರುಗಬೇಕಾದರೆ ಸೊಂಟ ತಿರುಚದೆ ಪಾದಗಳನ್ನೇ ತಿರುಗಿಸಿ. ಇನ್ನೊಬ್ಬರು ಹತ್ತಿರವಿದ್ದರೆ ಆ ಚೀಲವನ್ನು ಇಬ್ಬರೂ ಸೇರಿ ಎತ್ತಿ.