ನಮ್ಮೂರ ಸೆಕೆಯಲ್ಲೂ ಚೆನ್ನಾಗಿ ಉಬ್ಬುವ ಸ್ಕೋನ್

ಮಂಗಳೂರಿನ ಸೆಕೆಯಲ್ಲಿ ಸ್ಕೋನ್ (ಚಹಾದ ಜೊತೆ ತಿನ್ನುವ, ಚಿಕ್ಕ ಬನ್ನಿನಂಥ ಬ್ರಿಟಿಷ್ ತಿಂಡಿ) ಮಾಡುವವರು ಮೊದಲು ಬೆಣ್ಣೆಯ ಕಡೆ ಗಮನ ಕೊಡಿ. ಗಟ್ಟಿ ಬೆಣ್ಣೆಯ ಚೂರುಗಳು ಓವನ್‌ನಲ್ಲಿ ಕರಗುವಾಗ ಅದರಲ್ಲಿರುವ ನೀರು ಹಬೆಯಾಗಿ ಹಿಟ್ಟನ್ನು ಎತ್ತುತ್ತದೆ. ಅದಕ್ಕೂ ಮೊದಲೇ ಕರಗಿದರೆ ಹಗುರ ಪದರ ಬರುವುದಿಲ್ಲ. ಬೆಣ್ಣೆ ಮಾತ್ರ ಅಲ್ಲ, ಮೈದಾ, ಪಾತ್ರೆ ಎಲ್ಲವನ್ನೂ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ.

250 ಗ್ರಾಂ ಮೈದಾ, 3 ಟೀ ಚಮಚ ಬೇಕಿಂಗ್ ಪೌಡರ್, 2 ದೊಡ್ಡ ಚಮಚ ಸಕ್ಕರೆ, 60 ಗ್ರಾಂ ಬೆಣ್ಣೆ, ಸುಮಾರು 130 ಮಿ.ಲೀ. ತಣ್ಣನೆಯ ಹಾಲು. ಬೆಣ್ಣೆಯಲ್ಲಿ ಉಪ್ಪಿಲ್ಲದಿದ್ದರೆ ಚಿಟಿಕೆ ಉಪ್ಪು.

ಬೆಣ್ಣೆಯನ್ನು ಕ್ಯಾರೆಟ್ ತುರಿಯುವ ಹಾಗೆ ತುರಿದು, ಬೆರಳ ತುದಿಯಲ್ಲಷ್ಟೇ ಹಿಟ್ಟಿಗೆ ಬೆರೆಸಿ. ಅಂಗೈ ಬಿಸಿ ತಾಗಬಾರದು. ಹಾಲು ಒಂದೇ ಸಲ ಸುರಿಯಬೇಡಿ. ಮಳೆಗಾಲದಲ್ಲಿ ಮೈದಾ ತೇವ ಹಿಡಿದಿರುತ್ತದೆ ಅಲ್ವಾ, ಹಾಲು ಕಡಿಮೆ ಸಾಕಾಗುತ್ತದೆ. ಜಾಸ್ತಿ ನಾದಬೇಡಿ, ಹಿಟ್ಟು ಕೂಡಿಕೊಂಡರೆ ಸಾಕು.

ಒಂದು ಇಂಚು ದಪ್ಪಕ್ಕೆ ತಟ್ಟಿ, ಸ್ಟೀಲ್ ಲೋಟದ ಅಂಚಿಗೆ ಮೈದಾ ಸವರಿ ನೇರವಾಗಿ ಒತ್ತಿ ತೆಗೆಯಿರಿ. ತಿರುಗಿಸಿದರೆ ಅಂಚು ಅಂಟಿಕೊಂಡು ಒಂದು ಕಡೆ ವಾಲುತ್ತದೆ. ಮೊದಲೇ ಬಿಸಿಯಾದ ಓವನ್‌ನಲ್ಲಿ 220 ಡಿಗ್ರಿಯಲ್ಲಿ 12ರಿಂದ 15 ನಿಮಿಷ.

ಸ್ಕೋನ್ ನಮ್ಮ ಕ್ರಿಸ್ಮಸ್ ತಿಂಡಿ ಕುಸ್ವಾರ್‌ನ ಹಾಗೆ ದಿನಗಟ್ಟಲೆ ಇಡುವ ತಿಂಡಿ ಅಲ್ಲ, ಅವತ್ತೇ ತಿಂದರೆ ರುಚಿ. ಅಕ್ಕಪಕ್ಕದ ಮನೆಗೆ ಕೊಡುವುದಾದರೆ ಬಿಸಿ ಇರುವಾಗಲೇ ಕೊಡಿ, ಜೊತೆಗೆ ಅನಾನಸ್ ಜಾಮ್. ನೆಂಟರು ಬರುವ ದಿನಕ್ಕೆ ಬೇಕಾದರೆ ಹಿಟ್ಟನ್ನು ಕತ್ತರಿಸಿ ಫ್ರೀಜರ್‌ನಲ್ಲಿಡಿ. ಹಾಗೇ ತೆಗೆದು ಬೇಯಿಸಬಹುದು, ಮೂರ್ನಾಲ್ಕು ನಿಮಿಷ ಜಾಸ್ತಿ ಬೇಕು ಅಷ್ಟೇ.